ಚಿಪ್ಪಿನ ಹರಳುಗಳ ಬದಲು ಬಿಳಿ ಮಸುಕು ಕಾಣುವುದೇಕೆ?

ಮುತ್ತಿನ ಸಿಂಪಿಯ ಚಿಪ್ಪನ್ನು ಅಡ್ಡ ಕೊಯ್ದು, 10 ನಿಮಿಷ ವಿನೆಗರ್‌ನಲ್ಲಿ ಮುಳುಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಹರಳುಗಳ ಬದಲು ಬಿಳಿ ಮಸುಕು ಕಂಡಿತೆಂದು ಕೇಳಿದ್ದೀರಿ. ಆಮ್ಲದಲ್ಲಿ ಹೆಚ್ಚು ಹೊತ್ತು ಇಟ್ಟದ್ದೇ ಬಹುಮಟ್ಟಿಗೆ ಕಾರಣ. ಮುತ್ತಿನ ಸಿಂಪಿಯ ಒಳಪದರದಲ್ಲಿ ಇಟ್ಟಿಗೆಗಳಂತೆ ಜೋಡಣೆಯಾಗಿರುವ ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಹರಳುರೂಪ) ಫಲಕಗಳು ಸುಮಾರು ಅರ್ಧ ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪವಷ್ಟೇ ಇರುತ್ತವೆ. ನೀವು ಹೇಳಿದಂತೆ 10 ನಿಮಿಷ ವಿನೆಗರ್‌ನಲ್ಲಿ ಮುಳುಗಿಸಿದರೆ ಮೇಲ್ಮೈಯ ಫಲಕಗಳು ಕರಗಿ, ಅವುಗಳ ನಡುವೆ ಪ್ರಾಣಿಯು ಮೊದಲೇ ಹಾಸಿಟ್ಟಿದ್ದ ಕೈಟಿನ್ (ಕೀಟಗಳ ಹೊರಕವಚದಲ್ಲೂ ಇರುವ ಗಟ್ಟಿ ವಸ್ತು) ಮತ್ತು ಪ್ರೋಟೀನಿನ ತೆಳುಹಾಳೆಗಳು ಆಧಾರ ತಪ್ಪಿ ಕುಸಿಯುತ್ತವೆ. ನಿಮಗೆ ಕಂಡ ಮಸುಕು ಅದೇ ಇರಬೇಕು.

ಮೊದಲು ಆ ಮಸುಕಾದ ಪದರವನ್ನು ಉಜ್ಜಿ ತೆಗೆಯಿರಿ. ಈ ಸಲ ನೇರವಾಗಿ ಅಡ್ಡ ಕೊಯ್ಯದೆ, ಪದರಗಳಿಗೆ 10 ಡಿಗ್ರಿಯಷ್ಟು ಓರೆಯಾಗಿ ಉಜ್ಜಿರಿ. ಆಗ ಅರ್ಧ ಮೈಕ್ರಾನಿನ ಪದರವು ಸುಮಾರು 3 ಮೈಕ್ರಾನ್ ಅಗಲದ ಪಟ್ಟಿಯಾಗಿ ಹರಡಿಕೊಂಡು, ಸಾಮಾನ್ಯ ಸೂಕ್ಷ್ಮದರ್ಶಕದ ಮಿತಿಯೊಳಗೆ ಬರುತ್ತದೆ. ನೀರು ಹಾಕಿಕೊಂಡೇ ಉಜ್ಜಬೇಕು, ಏಕೆಂದರೆ ಚಿಪ್ಪಿನ ಒಣ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. 400ರಿಂದ 2000 ಸಂಖ್ಯೆಯ ಮರಳುಕಾಗದದವರೆಗೆ ಕ್ರಮವಾಗಿ ಹೋಗಿ, ಆಮ್ಲ ತಾಗಿಸುವ ಮೊದಲೇ ಒಮ್ಮೆ ನೋಡಿರಿ. ಆಗಲೇ ಮಸುಕಿದ್ದರೆ ತಪ್ಪು ಆಮ್ಲದ್ದಲ್ಲ, ಗೀರುಗಳದ್ದು.

ಬಳಿಕ ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ, ತುಂಡನ್ನು 5 ಸೆಕೆಂಡು ಮಾತ್ರ ಅದ್ದಿ, ತಕ್ಷಣ ಶುದ್ಧ ನೀರಿನಲ್ಲಿ ತೊಳೆದು, ಒರೆಸದೆ ಹಾಗೆಯೇ ಆರಲು ಬಿಡಿ. ಚಿಪ್ಪಿನಿಂದ ಚಿಪ್ಪಿಗೆ ಈ ಅವಧಿ ಬದಲಾಗಬಹುದಾದ್ದರಿಂದ, ಗೆರೆಗಳು ಮೂಡದಿದ್ದರೆ ಮತ್ತೆ 5 ಸೆಕೆಂಡು ಅದ್ದಿರಿ.

ಕಣ್ಣಿಗೆ ಅಭ್ಯಾಸವಾಗಲು ಹೊರಪದರದಿಂದಲೇ ಆರಂಭಿಸಿರಿ. ಅಲ್ಲಿ ನಿಂತಿರುವ ಕ್ಯಾಲ್ಸೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನದೇ ಇನ್ನೊಂದು ಹರಳುರೂಪ) ಕಂಬಗಳು ಹತ್ತಾರು ಮೈಕ್ರಾನ್ ಅಗಲವಿದ್ದು, ಮೇಲಿನಿಂದ ನೋಡಿದಾಗ ಜೇನುಹಲ್ಲೆಯಂತೆ ಒಂದಕ್ಕೊಂದು ಒತ್ತಿಕೊಂಡ ಬಹುಭುಜಗಳಾಗಿ ಸ್ಪಷ್ಟವಾಗಿ ಕಾಣುತ್ತವೆ.