ಬೆಳಗಿನ 98ನ್ನು ನಂಬಿ ಕೆಟ್ಟವನ ಉತ್ತರ

ಗೊರಕೆ ಇದೆ, ಮರೆವು ಹೆಚ್ಚಿದೆ, ಆದರೆ ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಆಕ್ಸಿಮೀಟರ್ ಶೇಕಡಾ 98 ತೋರಿಸುತ್ತದೆ, ಹಾಗಾಗಿ ನೆನಪಿನ ಶಕ್ತಿಗೆ ಯಾವ ಆಂಟಿಆಕ್ಸಿಡೆಂಟ್ ಮಾತ್ರೆ ಒಳ್ಳೆಯದು ಎಂದು ಕೇಳಿದ್ದೀರಿ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಕುಳಿತು ಕೆಲವು ವರ್ಷಗಳ ಹಿಂದೆ ನಾನೇ ಬರೆದ ಪ್ರಶ್ನೆಯಂತಿದೆ. ನನಗಿದ್ದದ್ದು ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವ ಕಾಯಿಲೆ.

ಆಗ ನಾನು ಫೋರ್ಟ್ ಪ್ರದೇಶದ ಕಚೇರಿಯೊಂದರಲ್ಲಿ ತೆರಿಗೆಯ ಲೆಕ್ಕ ನೋಡಿಕೊಳ್ಳುತ್ತಿದ್ದೆ. ಸಂಜೆಯ ಲೋಕಲ್ ಠಾಣೆ ದಾಟುವಷ್ಟರಲ್ಲಿ ಕಣ್ಣು ಮುಚ್ಚುತ್ತಿತ್ತು, ತೆರೆದಾಗ ನಮ್ಮ ಡೊಂಬಿವಲಿ ದಾಟಿ ಕಲ್ಯಾಣ ಬಂದಿರುತ್ತಿತ್ತು. ಡಬ್ಬಿಯ ಅರ್ಧ ಜನ ತೂಕಡಿಸುವ ಈ ಊರಿನಲ್ಲಿ ಅದನ್ನು ಕಾಯಿಲೆ ಎಂದು ಯಾರು ತಾನೇ ಅನುಮಾನಿಸುತ್ತಾರೆ? ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ನೋಡುತ್ತಾ ಗೊರಕೆ ಹೊಡೆದು ಹಿಂದಿನ ಸಾಲಿನವರಿಂದ ಹೆಗಲು ತಟ್ಟಿಸಿಕೊಂಡದ್ದೂ ಉಂಟು. ಕೊನೆಗೆ ಒಂದೇ ಬಿಲ್ಲನ್ನು ಎರಡು ಬಾರಿ ನಮೂದಿಸಿ, ತಪ್ಪು ಹೊರಬಿದ್ದ ಮೇಲೆ ಆ ಮೇಜನ್ನೇ ಕಳೆದುಕೊಂಡೆ.

ರಾತ್ರಿ ನನ್ನ ಉಸಿರು ನಿಂತುಹೋಗಿ, ಆಮೇಲೆ ಗೊರ್ರೆಂದು ಮರಳುತ್ತದೆ ಎಂದು ಹೆಂಡತಿ ಎರಡು ವರ್ಷ ಹೇಳಿದಳು. ನಾನು ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಪ್ರತಿದಿನ ಬೆಳಿಗ್ಗೆ ಬೆರಳಿಗೆ ಸಿಕ್ಕಿಸಿ, 98 ಎಂಬ ಅಂಕಿಯನ್ನು ತೋರಿಸಿ ಅವಳ ಬಾಯಿ ಮುಚ್ಚಿಸುತ್ತಿದ್ದೆ. ನನ್ನ ತಪ್ಪೆಲ್ಲ ಇದರಲ್ಲಿದೆ, ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಎಚ್ಚರವಿರುವಾಗ ಗಂಟಲಿನ ಸ್ನಾಯುಗಳು ಬಿಗಿಯಾಗಿದ್ದು ಉಸಿರಿನ ದಾರಿಯನ್ನು ತೆರೆದಿಡುತ್ತವೆ. ನಿದ್ದೆಯಲ್ಲಿ ಅವು ಸಡಿಲಗೊಂಡಾಗ ದಾರಿ ಮುಚ್ಚಿ, ಕನಿಷ್ಠ 10 ಸೆಕೆಂಡು ಗಾಳಿ ನಿಂತರೆ ಅದನ್ನು ಒಂದು ಅಪ್ನಿಯಾ ಎಂದು ಎಣಿಸುತ್ತಾರೆ. ಮೆದುಳು ಅರೆ ಎಚ್ಚರಗೊಂಡು ದಾರಿ ತೆರೆಸುತ್ತದೆ, ಅಷ್ಟರಲ್ಲಿ ಇಳಿದಿದ್ದ ಆಮ್ಲಜನಕ ಬೇಗನೆ ಮೊದಲಿನ ಮಟ್ಟಕ್ಕೆ ಏರುತ್ತದೆ. ಕಳ್ಳ ಹೋದ ಮೇಲೆ ಬಾಗಿಲು ಕಾಯುವವನಂತೆ ನಾನು ಬೆಳಿಗ್ಗೆ ಅಳೆಯುತ್ತಿದ್ದೆ. ನಿದ್ರಾ ಪರೀಕ್ಷೆ ಮಾಡಿಸಿದಾಗ ಗಂಟೆಗೆ ಸರಾಸರಿ 42 ತಡೆಗಳು ದಾಖಲಾದವು (30 ದಾಟಿದರೆ ತೀವ್ರ ಎನ್ನುತ್ತಾರೆ), ಆಮ್ಲಜನಕ ಒಮ್ಮೆ 71ಕ್ಕೆ ಇಳಿದಿತ್ತು.

ಇಳಿಯುವುದಷ್ಟೇ ಅಲ್ಲ, ಮತ್ತೆ ಏರುವುದೂ ಹಾನಿಕರವೆಂದು ನನಗೆ ತಿಳಿದದ್ದು ಆಗಲೇ. ಕೊರತೆಯಲ್ಲಿದ್ದ ಜೀವಕೋಶಕ್ಕೆ ಆಮ್ಲಜನಕ ಹಠಾತ್ತನೆ ಮರಳಿದಾಗ ಅದರ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾ ಮತ್ತು ಕೆಲವು ಕಿಣ್ವಗಳು, ಕೋಶವನ್ನು ಹಾಳುಮಾಡುವ ಚುರುಕು ಅಣುಗಳಾದ ಫ್ರೀ ರ್‍ಯಾಡಿಕಲ್‌ಗಳನ್ನು ಹೆಚ್ಚಾಗಿ ಉತ್ಪಾದಿಸುತ್ತವೆ. ಈ ಹಾವಳಿಯೇ ಆಕ್ಸಿಡೇಟಿವ್ ಒತ್ತಡ, ಅದನ್ನು ತಗ್ಗಿಸುವ ವಸ್ತುಗಳೇ ಆಂಟಿಆಕ್ಸಿಡೆಂಟ್. ಈ ಒತ್ತಡಕ್ಕೆ ನೆನಪನ್ನು ಕೂಡಿಡುವ ಹಿಪೊಕ್ಯಾಂಪಸ್ ಮತ್ತು ಗಮನವನ್ನು ಹಿಡಿದಿಡುವ ಮುಂಭಾಗದ ಮೆದುಳು ಬೇಗ ನಲುಗುತ್ತವೆ ಎಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ. ನಿದ್ದೆ ಚೂರುಚೂರಾಗುವ ನಷ್ಟ ಬೇರೆ.

ಆದ್ದರಿಂದ ಯಾವ ಮಾತ್ರೆ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಾನು ಬ್ರಾಹ್ಮಿಯನ್ನೂ ವಿಟಮಿನ್ ಇ ಗುಳಿಗೆಗಳನ್ನೂ ನುಂಗಿದೆ. ರಾತ್ರಿ ನೂರಾರು ಬಾರಿ ಕಿಡಿ ಹಾರುವ ಕಡೆ ಅದು ಒಂದು ಚೊಂಬು ನೀರು. ಗಂಟಲಿನ ದಾರಿಯನ್ನು ಗಾಳಿಯ ಒತ್ತಡದಿಂದ ತೆರೆದಿಡುವ ಸಿಪ್ಯಾಪ್ ಯಂತ್ರವೇ ನನಗೆ ಹಿಡಿಸಿತು, ಮೊದಲ ತಿಂಗಳು ಮುಖವಾಡವನ್ನು ಶಪಿಸಿದ್ದು ನಿಜವಾದರೂ. ಆದರೆ ಅದರಿಂದಲೂ ಪವಾಡ ಬಯಸಬೇಡಿ: ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಸಿಪ್ಯಾಪ್ ಕುರಿತ ಅಮೆರಿಕದ ಆಪಲ್ಸ್ ಎಂಬ ಪ್ರಯೋಗದಲ್ಲಿ ಹಗಲಿನ ತೂಕಡಿಕೆ ಸ್ಪಷ್ಟವಾಗಿ ಇಳಿದರೂ, ಆರು ತಿಂಗಳ ಕೊನೆಗೆ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ನಾನೀಗ ಡೊಂಬಿವಲಿಯಲ್ಲೇ ಇಳಿಯುತ್ತೇನೆ. ಜನರ ಹೆಸರುಗಳು ಮಾತ್ರ ಇನ್ನೂ ತಡವಾಗಿ ನೆನಪಾಗುತ್ತವೆ.

ಇಂದು ರಾತ್ರಿ ನೀವು ಮಲಗಿದ ಮೇಲೆ ಹತ್ತು ನಿಮಿಷ ಮೊಬೈಲಿನಲ್ಲಿ ಚಿತ್ರೀಕರಿಸಲು ಮನೆಯವರಿಗೆ ಹೇಳಿ, ವೈದ್ಯರ ಬಳಿಗೆ ಅದನ್ನೂ ಅವರನ್ನೂ ಕರೆದುಕೊಂಡು ಹೋಗಿ. ಆಕ್ಸಿಮೀಟರನ್ನು ಮನೆಯಲ್ಲೇ ಬಿಡಿ.