ಹಳೆಯ ತಂಡ ಬಿಡದೆ ಹೊಸ ತಂಡ

ಪ್ರಶ್ನೆ: ನಾವು ನಾಲ್ವರು ಬೇರೆ ಬೇರೆ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತೇವೆ. ಗಣೇಶೋತ್ಸವದ ಕಾರ್ಯಕ್ರಮಗಳು ಮುಗಿದ ಮೇಲೆ ನಮ್ಮದೇ ರಾಕ್ ತಂಡ ಕಟ್ಟುವ ಆಸೆಯಿದೆ. ಸೂಪರ್‌ಗ್ರೂಪ್ ಎಂದರೆ ಇದೇ ಏನು? ಅದಕ್ಕಾಗಿ ಹಳೆಯ ತಂಡ ಬಿಡಬೇಕೆ?
– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಈಗಾಗಲೇ ಹೆಸರು ಮಾಡಿದವರು ಒಟ್ಟುಗೂಡಿದಾಗ ಮಾತ್ರ ಸೂಪರ್‌ಗ್ರೂಪ್ ಎಂಬ ಹೆಸರು ಸಲ್ಲುತ್ತದೆ, ಪೋಸ್ಟರಿನಲ್ಲಿ ನೀವೇ ಹಾಕಿಕೊಳ್ಳದಿರುವುದು ಲೇಸು. 1966ರಲ್ಲಿ ಬ್ರಿಟನ್ನಿನ ಸಂಗೀತಗಾರರಾದ ಎರಿಕ್ ಕ್ಲಾಪ್ಟನ್, ಜ್ಯಾಕ್ ಬ್ರೂಸ್, ಜಿಂಜರ್ ಬೇಕರ್ ಕಟ್ಟಿದ ‘ಕ್ರೀಮ್’ ಅವರ ಪೂರ್ಣಾವಧಿಯ ತಂಡವಾಗಿತ್ತು. ಬ್ರೂಸ್ ಮತ್ತು ಬೇಕರ್ ನಡುವೆ ಎಂದೂ ಸರಿಹೋಗದೆ 1968ರಲ್ಲಿ ಒಡೆಯಿತು.

ನಿಮಗೆ ಹೊಂದುವ ಉದಾಹರಣೆ ‘ಟ್ರಾವೆಲಿಂಗ್ ವಿಲ್ಬರೀಸ್’ ಎಂಬ ತಂಡ. 1988ರಲ್ಲಿ ಬೀಟಲ್ಸ್ ಖ್ಯಾತಿಯ ಜಾರ್ಜ್ ಹ್ಯಾರಿಸನ್‌ಗೆ ತಮ್ಮ ಸಿಂಗಲ್ ರೆಕಾರ್ಡಿನ ಹಿಂಬದಿಗೆ ಒಂದು ಹೆಚ್ಚುವರಿ ಹಾಡು ಬೇಕಾಗಿತ್ತು. ಗಾಯಕರಾದ ಜೆಫ್ ಲಿನ್, ರಾಯ್ ಆರ್ಬಿಸನ್, ಟಾಮ್ ಪೆಟ್ಟಿಯವರೊಂದಿಗೆ, ಅಮೆರಿಕದ ಮಾಲಿಬುವಿನಲ್ಲಿದ್ದ ಬಾಬ್ ಡಿಲನ್ ಅವರ ಗ್ಯಾರೇಜಿನ ಸ್ಟುಡಿಯೊದಲ್ಲಿ ಕುಳಿತಾಗ, ಅಲ್ಲಿದ್ದ ಪೆಟ್ಟಿಗೆಯೊಂದರ ಮೇಲೆ ‘ಹ್ಯಾಂಡಲ್ ವಿತ್ ಕೇರ್’ ಎಂದು ಬರೆದಿದ್ದುದೇ ಹಾಡಿನ ಶೀರ್ಷಿಕೆಯಾಯಿತು. ಹಿಂಬದಿಗೆ ಹಾಕಿ ಮುಗಿಸಲಾಗದಷ್ಟು ಚೆನ್ನಾಗಿದೆಯೆಂದು ರೆಕಾರ್ಡ್ ಕಂಪನಿ ಅದನ್ನು ತಡೆದಿದ್ದರಿಂದ ಇಡೀ ಆಲ್ಬಮ್ಮೇ ಸಿದ್ಧವಾಯಿತು. ಡಿಲನ್ ಸೇರಿ ಐವರೂ ತಮ್ಮ ಸ್ವಂತ ಹೆಸರು ಮರೆಸಿ, ವಿಲ್ಬರಿ ಎಂಬ ಕಾಲ್ಪನಿಕ ಮನೆತನದ ಸಹೋದರರಾಗಿ ಕಾಣಿಸಿಕೊಂಡರು; ಯಾರು ದೊಡ್ಡವರು ಎಂಬ ತಕರಾರು ಹುಟ್ಟದಿರಲು ಇದಕ್ಕಿಂತ ಜಾಣ ಉಪಾಯ ನನಗೆ ಕಾಣದು. ಇದಕ್ಕಾಗಿ ಯಾರೂ ತಮ್ಮ ವೃತ್ತಿಯನ್ನು ಬಿಡಲಿಲ್ಲ.

ಆದ್ದರಿಂದ ನೀವೂ ಬಿಡಬೇಕಾಗಿಲ್ಲ. ಆದರೆ ಅಡ್ವಾನ್ಸ್ ಪಡೆದ ಆರ್ಕೆಸ್ಟ್ರಾದ ದಿನಾಂಕಗಳಿಗೇ ಮೊದಲ ಹಕ್ಕು ಎಂಬುದನ್ನೂ, ಹೊಸ ಹಾಡಿನ ಹಕ್ಕು ಯಾರ ಹೆಸರಿನಲ್ಲಿರಬೇಕು ಎಂಬುದನ್ನೂ ತಾಲೀಮಿಗೆ ಮುಂಚೆಯೇ ಕಾಗದದಲ್ಲಿ ಬರೆದು, ನಾಲ್ವರೂ ಸಹಿ ಹಾಕಿಡಿ.