ಸಂಪಾದಕರ ಉತ್ತರ: ಅಲಂಕಾರ ಓದಿದವರಿಗೆ ಸಿಮಿಲಿ ಹೊಸತಲ್ಲ

(ಪತ್ರದ ಸಾರಾಂಶ: ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿರುವ ಚಿತ್ರದುರ್ಗ ಜಿಲ್ಲೆಯ ವಿದ್ಯಾರ್ಥಿನಿಯೊಬ್ಬರು ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ಆರಿಸಿಕೊಂಡಿದ್ದಾರೆ. ತರಗತಿಗಳು ಆರಂಭವಾಗುವ ಮೊದಲು ಗೈಡಿನಲ್ಲಿರುವ ಸಾಹಿತ್ಯ ಪರಿಭಾಷೆಗಳ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿದರೆ ಸಾಕೇ, ವ್ಯಾಕರಣದಲ್ಲಿ ಯಾವುದನ್ನು ಮೊದಲು ತಿದ್ದಿಕೊಳ್ಳಬೇಕು, ರೆನ್ ಅಂಡ್ ಮಾರ್ಟಿನ್ ವ್ಯಾಕರಣವನ್ನು ಪೂರ್ತಿ ಓದಬೇಕೇ ಎಂದು ಕೇಳಿದ್ದಾರೆ. ಇಂಗ್ಲಿಷ್ ಕಲಿಯಬೇಕಾದರೆ ಕನ್ನಡದ ವ್ಯಾಕರಣವನ್ನು ಮರೆಯಬೇಕೆಂದು ಹಿತೈಷಿಗಳೊಬ್ಬರು ಅವರಿಗೆ ಹೇಳಿದ್ದಾರಂತೆ.)

ಕೊನೆಯ ಮಾತಿನಿಂದಲೇ ಆರಂಭಿಸುತ್ತೇನೆ. ಆ ಹಿತೈಷಿಗಳ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಪ್ರೌಢಶಾಲೆಯಲ್ಲಿ ನೀವು ಕಲಿತ ಅಲಂಕಾರ, ಛಂದಸ್ಸು, ವಿಭಕ್ತಿ, ಕ್ರಿಯಾಪದಗಳ ಪಾಠವೇ ಈಗ ನಿಮ್ಮ ಕೈಯಲ್ಲಿರುವ ಬಂಡವಾಳ. ಅದನ್ನು ಎಲ್ಲಿ ನೆಚ್ಚಬೇಕು, ಎಲ್ಲಿ ನೆಚ್ಚಬಾರದು ಎಂಬುದಷ್ಟನ್ನು ತಿಳಿದುಕೊಂಡರೆ ಪುನರಾವರ್ತನೆಯ ಕೆಲಸ ಅರ್ಧಕ್ಕರ್ಧ ಹಗುರವಾಗುತ್ತದೆ.

ಮೊದಲು ಪರಿಭಾಷೆಗಳ ವಿಷಯ. ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ ಎಂಬ ನಾಲ್ಕು ಅಂಗಗಳನ್ನು ಗುರುತಿಸಿ, ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದಾದರೂ ಕಾಣದಿದ್ದರೆ ಲುಪ್ತೋಪಮೆ ಎಂದು ನೀವು ಬರೆದು ಅಂಕ ಪಡೆದಿದ್ದೀರಿ. ಇಂಗ್ಲಿಷ್ ಗೈಡುಗಳಲ್ಲಿ ಸಿಮಿಲಿಯ ವ್ಯಾಖ್ಯೆ ಸಾಮಾನ್ಯವಾಗಿ ‘ಲೈಕ್’ ಅಥವಾ ‘ಆ್ಯಸ್’ ಬಳಸಿ ಮಾಡುವ ಹೋಲಿಕೆ ಎನ್ನುವಲ್ಲಿಗೆ ಮುಗಿದುಬಿಡುತ್ತದೆ. ಐ. ಎ. ರಿಚರ್ಡ್ಸ್ ಎಂಬ ವಿಮರ್ಶಕರು ರೂಪಕವನ್ನು ವಿವರಿಸಲು ಟೆನರ್ ಮತ್ತು ವೆಹಿಕಲ್ ಎಂಬ ಎರಡು ಅಂಗಗಳನ್ನು ಹೆಸರಿಸಿದ್ದು 1936ರಲ್ಲಿ. ನಮ್ಮ ಆಲಂಕಾರಿಕರು ಉಪಮೇಯ ಮತ್ತು ಉಪಮಾನಗಳನ್ನು ಬೇರ್ಪಡಿಸಿ ನೋಡಲು ತೊಡಗಿ ಆ ವೇಳೆಗೆ ಸಾವಿರ ವರ್ಷ ಮೀರಿತ್ತು. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ, ಬಳಸಿಕೊಳ್ಳಿ ಎಂದು ಹೇಳುತ್ತಿದ್ದೇನೆ.

ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ತನ್ನ ಪ್ರೀತಿಯನ್ನು ಜೂನ್ ತಿಂಗಳಲ್ಲಿ ಆಗಷ್ಟೇ ಅರಳಿದ ಕೆಂಪು ಗುಲಾಬಿಗೆ ಹೋಲಿಸುತ್ತಾನೆ. ಉಪಮೇಯ ಪ್ರೀತಿ, ಉಪಮಾನ ಗುಲಾಬಿ, ವಾಚಕ ‘ಲೈಕ್’. ಸಮಾನಧರ್ಮ ಎಲ್ಲಿದೆ? ಅದನ್ನು ಕವಿ ಬಾಯಿಬಿಟ್ಟು ಹೇಳಿಲ್ಲ. ಹೊಸತನವೋ, ಬಣ್ಣವೋ, ಬಹುಕಾಲ ಉಳಿಯದ ಚೆಲುವೋ ಎಂದು ಓದುಗನೇ ಊಹಿಸಬೇಕು. ಆ ಊಹೆಗೆ ಜೂನ್ ತಿಂಗಳು ಆ ನಾಡಿನಲ್ಲಿ ಬೇಸಗೆಯ ಆರಂಭ, ನಮ್ಮಲ್ಲಿಯಂತೆ ಮಳೆಗಾಲದ ಆರಂಭವಲ್ಲ ಎಂಬ ತಿಳಿವಳಿಕೆಯೂ ಬೇಕು. ‘ಇಲ್ಲಿ ಸಿಮಿಲಿ ಇದೆ’ ಎಂದಷ್ಟೇ ಬರೆದ ಉತ್ತರಕ್ಕೂ, ಹೇಳದೆ ಬಿಟ್ಟ ಗುಣ ಯಾವುದಿರಬಹುದು ಎಂದು ಚರ್ಚಿಸಿದ ಉತ್ತರಕ್ಕೂ ಇರುವ ಅಂತರವನ್ನು ಯಾವ ಪರೀಕ್ಷಕರೂ ಗಮನಿಸದೆ ಇರಲಾರರು. ಎರಡನೆಯ ಬಗೆಯ ಉತ್ತರವನ್ನು ಬರೆಯುವ ದಾರಿ ನಿಮಗೆ ಲುಪ್ತೋಪಮೆಯ ಪಾಠದಲ್ಲಿಯೇ ಸಿಕ್ಕಿದೆ.

ಅಲಿಟರೇಶನ್, ಆನೊಮೆಟೊಪಿಯ, ಹೈಪರ್ಬಲಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅನುಪ್ರಾಸ, ಅನುಕರಣಾವ್ಯಯ, ಅತಿಶಯೋಕ್ತಿ ಬಲ್ಲವರಿಗೆ ಒಂದು ಸಂಜೆ ಸಾಕು. ಅಲಿಟರೇಶನ್‌ನಲ್ಲಿ ಎಣಿಕೆಗೆ ಬರುವುದು ಧ್ವನಿಯೇ ಹೊರತು ಬರೆಯುವ ಅಕ್ಷರವಲ್ಲ ಎಂಬುದನ್ನು ಮಾತ್ರ ಮರೆಯಬೇಡಿ: ‘ಸಿಟಿ’ ಮತ್ತು ‘ಕ್ಯಾಟ್’ ಎರಡನ್ನೂ ಬರೆಯುವುದು ಸಿ ಅಕ್ಷರದಿಂದಲೇ ಆದರೂ ಅವು ಪ್ರಾಸವಾಗುವುದಿಲ್ಲ. ಡ್ರಾಮ್ಯಾಟಿಕ್ ಐರನಿ ಎಂಬ ಪದ ಹಲವರನ್ನು ಹೆದರಿಸುತ್ತದೆ. ಕರ್ಣನು ಕುಂತಿಯ ಮಗನೆಂದು ನೋಡುವ ನಮಗೆಲ್ಲ ಗೊತ್ತಿದ್ದು, ಎದುರಿಗೆ ಬಿಲ್ಲು ಹಿಡಿದು ನಿಂತ ಅರ್ಜುನನಿಗೆ ಮಾತ್ರ ಗೊತ್ತಿಲ್ಲದಿರುವ ಯಕ್ಷಗಾನದ ಪ್ರಸಂಗವನ್ನು ನೆನೆದುಕೊಂಡರೆ ವ್ಯಾಖ್ಯೆಯ ಹಂಗೇ ಬೇಡ.

ಆದರೆ ಛಂದಸ್ಸಿನಲ್ಲಿ ನಮ್ಮ ಅಭ್ಯಾಸ ದಾರಿ ತಪ್ಪಿಸುತ್ತದೆ. ಕನ್ನಡದ ಪದ್ಯಕ್ಕೆ ಪ್ರಸ್ತಾರ ಹಾಕುವಾಗ ನಾವು ಅಳೆಯುವುದು ಅಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲವನ್ನು. ಇಂಗ್ಲಿಷ್ ಪದ್ಯದಲ್ಲಿ ಲೆಕ್ಕಕ್ಕೆ ಬರುವುದು ಒತ್ತು, ಅಂದರೆ ಸ್ಟ್ರೆಸ್. ಶೇಕ್ಸ್‌ಪಿಯರನ 18ನೆಯ ಸಾನೆಟ್ಟಿನ ಮೊದಲ ಸಾಲಿನಲ್ಲಿ ‘ಕಂಪೇರ್’ ಎಂಬ ಮಾತು ಬರುತ್ತದೆ. ನಮ್ಮ ಲೆಕ್ಕದಲ್ಲಿ ‘ಕಂ’ ಗುರು, ಅಲ್ಲಿ ಅದು ಒತ್ತಿಲ್ಲದ ಉಚ್ಚಾರಾಂಶ. ಅದೇ ಸಾಲಿನ ‘ಸಮರ್’ ಎಂಬಲ್ಲಿ ‘ಸ’ ನಮಗೆ ಲಘುವಾಗಿ ಕಂಡರೂ ಒತ್ತು ಬೀಳುವುದು ಅದರ ಮೇಲೆಯೇ. ಆದ್ದರಿಂದ ಅಯಾಂಬಿಕ್ ಪೆಂಟಾಮೀಟರ್ ಎಂದರೆ ಒತ್ತಿಲ್ಲದ್ದು ಮತ್ತು ಒತ್ತಿರುವುದು ಜೋಡಿಯಾಗಿ ಐದು ಸಲ ಬರುವ ನಡೆ ಎಂದು ಬಾಯಿಪಾಠ ಮಾಡುವುದಕ್ಕಿಂತ, ಸಾಲನ್ನು ಗಟ್ಟಿಯಾಗಿ ಓದುತ್ತ ಒತ್ತು ಬಿದ್ದಲ್ಲಿ ಮೇಜು ಕುಟ್ಟುವುದು ಮೇಲು. ನಿಘಂಟಿನಲ್ಲಿ ಪ್ರತಿ ಪದದ ಒತ್ತನ್ನೂ ಗುರುತು ಮಾಡಿರುತ್ತಾರೆ. ಅನುಮಾನ ಬಂದಾಗ ಅಲ್ಲಿ ನೋಡಿ.

ಟೋನ್ ಮತ್ತು ಮೂಡ್ ಎಂಬೆರಡನ್ನು ಒಂದೇ ಎಂದು ಬರೆಯುವವರು ಬಹಳ. ಹೇಳುವವನ ಧೋರಣೆ ಟೋನ್, ಓದುವವನನ್ನು ಆವರಿಸುವ ಭಾವ ಮೂಡ್. ಇಲ್ಲಿ ರಸಸಿದ್ಧಾಂತವನ್ನು ಎಳೆದು ತರುವ ಆಸೆ ಹುಟ್ಟುವುದು ಸಹಜ, ಆದರೆ ಮೊದಲ ವರ್ಷದಲ್ಲಿ ಅದು ಬೇಡ.

ಇನ್ನು ವ್ಯಾಕರಣ. ಗೈಡಿನ ಅಧ್ಯಾಯಗಳ ಅನುಕ್ರಮವನ್ನು ಬದಿಗಿಟ್ಟು, ಕನ್ನಡ ಮತ್ತು ಇಂಗ್ಲಿಷ್ ಬೇರೆಬೇರೆ ದಾರಿ ಹಿಡಿಯುವ ಕಡೆಗಳನ್ನು ಮೊದಲು ನೋಡಿ, ಏಕೆಂದರೆ ನಮ್ಮ ತಪ್ಪುಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಬರುತ್ತವೆ. ‘ನಾನು ನಾಳೆ ಬರುತ್ತೇನೆ ಎಂದು ಅವಳು ಹೇಳಿದಳು’ ಎಂಬ ಕನ್ನಡ ವಾಕ್ಯದಲ್ಲಿ ಅವಳ ಮಾತು ಇದ್ದದ್ದು ಇದ್ದ ಹಾಗೆಯೇ ‘ಎಂದು’ವಿನ ಹಿಂದೆ ಕುಳಿತಿದೆ. ಇದನ್ನೇ ಇಂಗ್ಲಿಷಿಗೆ ತಂದು ‘ಶಿ ಸೆಡ್ ದಟ್ ಐ ವಿಲ್ ಕಮ್ ಟುಮಾರೋ’ ಎಂದು ಬರೆದರೆ ನಾಳೆ ಬರಬೇಕಾದವರು ಅವಳಲ್ಲ, ಬರೆದ ನೀವೇ ಆಗಿಬಿಡುತ್ತೀರಿ. ‘ಐ’ ಹೋಗಿ ‘ಶಿ’, ‘ವಿಲ್’ ಹೋಗಿ ‘ವುಡ್’, ‘ಟುಮಾರೋ’ ಹೋಗಿ ‘ದ ನೆಕ್ಸ್ಟ್ ಡೇ’ ಆಗಬೇಕು. ಪರೋಕ್ಷ ಕಥನದ ಅಧ್ಯಾಯವನ್ನು ಈ ಕಣ್ಣಿನಿಂದ ಓದಿದರೆ ಅಲ್ಲಿನ ನಿಯಮಗಳ ಉದ್ದನೆಯ ಪಟ್ಟಿ ಅಷ್ಟೇನೂ ಹೆದರಿಸುವುದಿಲ್ಲ.

‘ಡಿಸ್ಕಸ್ ಅಬೌಟ್’ ಎಂಬ ತಪ್ಪು ನಮ್ಮ ‘ಬಗ್ಗೆ ಚರ್ಚಿಸು’ ಎಂಬ ರೂಢಿಯನ್ನು ನೆನಪಿಸುತ್ತದೆ. ‘ಅಬೌಟ್’ ಅಲ್ಲಿ ಬೇಡ. ಯಾವ ವಾಕ್ಯದ ಬಾಲಕ್ಕಾದರೂ ‘ಅಲ್ವಾ’ ಸೇರಿಸುವ ನಾವು ಎಲ್ಲ ಕಡೆಯೂ ‘ಈಸಂಟ್ ಇಟ್’ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ಅದು ಸಹಾಯಕ ಕ್ರಿಯಾಪದಕ್ಕೂ ಕರ್ತೃವಿಗೂ ತಕ್ಕಂತೆ ಬದಲಾಗುತ್ತದೆ. ಕರ್ತೃ–ಕ್ರಿಯಾಪದಗಳ ಹೊಂದಾಣಿಕೆ ನಿಮಗೆ ಹೊಸತಲ್ಲ. ಲಿಂಗ, ವಚನ, ಪುರುಷ ಮೂರಕ್ಕೂ ಹೊಂದುವ ಕ್ರಿಯಾಪದಗಳನ್ನು ದಿನವೂ ಆಡುವವರಿಗೆ ವರ್ತಮಾನದ ಪ್ರಥಮ ಪುರುಷ ಏಕವಚನಕ್ಕೆ ಒಂದು ‘ಎಸ್’ ಸೇರಿಸುವುದು ದೊಡ್ಡ ಮಾತಲ್ಲ. ‘ಒನ್ ಆಫ್ ಮೈ ಫ್ರೆಂಡ್ಸ್’ ಎಂದಾಗ ಮಾತ್ರ ಕಣ್ಣು ಹತ್ತಿರದ ಬಹುವಚನಕ್ಕೆ ಮೋಸಹೋಗುತ್ತದೆ. ಕರ್ತೃ ‘ಒನ್’ ಆದ್ದರಿಂದ ಮುಂದೆ ‘ಈಸ್’ ಬರಬೇಕು.

ಆರ್ಟಿಕಲ್‌ಗಳ ಬಗ್ಗೆ ಒಂದು ಕಿವಿಮಾತು. ‘ದ’ ಎಂಬುದಕ್ಕೆ ಸರಿಸಮನಾದ ಪದ ಕನ್ನಡದಲ್ಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಿಜ. ಆದರೆ ‘ಪುಸ್ತಕ ತಂದೆ’ ಎಂಬುದಕ್ಕೂ ‘ಪುಸ್ತಕವನ್ನು ತಂದೆ’ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಒಮ್ಮೆ ಗಮನಿಸಿ. ಮೊದಲನೆಯದು ಯಾವುದೋ ಪುಸ್ತಕ. ಎರಡನೆಯದು ಬಹುಮಟ್ಟಿಗೆ ಇಬ್ಬರಿಗೂ ಗೊತ್ತಿರುವ, ಮೊದಲೇ ಮಾತಿಗೆ ಬಂದಿರುವ ಪುಸ್ತಕ. ನಿರ್ಜೀವ ವಸ್ತುಗಳ ಮಟ್ಟಿಗಾದರೂ ದ್ವಿತೀಯಾ ವಿಭಕ್ತಿ ಆ ಕೆಲಸದಲ್ಲಿ ಸ್ವಲ್ಪ ಪಾಲನ್ನು ಮಾಡುತ್ತಿದೆ. ‘ಎ’ ಮತ್ತು ‘ದ’ಗಳ ನಡುವೆ ಆರಿಸಬೇಕಾದಾಗ ಈ ಪರೀಕ್ಷೆ ಎಲ್ಲ ಕಡೆ ಸಲ್ಲದಿದ್ದರೂ ಆರಂಭಕ್ಕೆ ಸಾಕಷ್ಟು ನೆರವಾಗುತ್ತದೆ. ‘ಎ’ ಮತ್ತು ‘ಆ್ಯನ್’ಗಳ ಆಯ್ಕೆ ಕಿವಿಗೆ ಬಿಟ್ಟದ್ದು: ‘ಆ್ಯನ್ ಅವರ್’, ‘ಎ ಯೂನಿವರ್ಸಿಟಿ’.

ರೆನ್ ಅಂಡ್ ಮಾರ್ಟಿನ್ ವ್ಯಾಕರಣವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಬೇಕಾಗಿಲ್ಲ. ಆರ್ಟಿಕಲ್, ಕಾಲಗಳು, ಪ್ರಿಪೊಸಿಷನ್, ಪರೋಕ್ಷ ಕಥನ ಈ ನಾಲ್ಕರ ಅಭ್ಯಾಸಗಳನ್ನು ಪೆನ್ಸಿಲ್ ಹಿಡಿದು ಮಾಡಿ, ಉಳಿದದ್ದನ್ನು ಬೇಕಾದಾಗ ತೆರೆದು ನೋಡಲು ಇಟ್ಟುಕೊಳ್ಳಿ. ಜೊತೆಗೆ ನಿಮ್ಮ ಹತ್ತನೆಯ ತರಗತಿಯ ಕನ್ನಡ ವ್ಯಾಕರಣದ ನೋಟ್ಸ್ ಇನ್ನೂ ಮನೆಯಲ್ಲಿದ್ದರೆ ಅದನ್ನು ರದ್ದಿಗೆ ಹಾಕದೆ ಕಾಲೇಜಿಗೆ ಒಯ್ಯಿರಿ.